ಹದಿನಾಲ್ಕರ ಹುಡುಗನಿಗೆ ಯಾವ ಕಾದಂಬರಿ?

ಹದಿನಾಲ್ಕು ವರ್ಷದ ನಿಮ್ಮ ಮಗನಿಗೆ ಮಕ್ಕಳ ಕತೆಗಳು ಸಾಕಾಗಿವೆ, ದೊಡ್ಡವರ ಕಾದಂಬರಿಗಳು ಭಾರವೆನಿಸುತ್ತಿವೆ, ಈಗ ಯಾವುದನ್ನು ಕೊಡಲಿ ಎಂದು ಕೇಳಿದ್ದೀರಿ. ನಾನಾದರೆ ಹಿಂಜರಿಯದೆ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕೊಡುತ್ತೇನೆ. 1980ರಲ್ಲಿ ಪ್ರಕಟವಾದ ಈ ಕಾದಂಬರಿ ಗಾತ್ರದಲ್ಲಿ ಚಿಕ್ಕದು; ಒಬ್ಬ ಕೃಷಿಕ, ಒಬ್ಬ ವಿಜ್ಞಾನಿ ಮತ್ತು ಜೇನಿನ ಹುಚ್ಚಿರುವ ಮಂದಣ್ಣ ಹಾರುವ ಓತಿಯನ್ನು ಅರಸುತ್ತ ಕಾಡು ಹೊಗುವ ಕತೆ. ಊರಿನವರು ಲೆಕ್ಕಕ್ಕಿಡದ ಮಂದಣ್ಣನ ಸೂಕ್ಷ್ಮ ದೃಷ್ಟಿಯನ್ನು ಆ ವಿಜ್ಞಾನಿ ಗುರುತಿಸಿ ಗೌರವಿಸುವ ಬಗೆಯಿದೆಯಲ್ಲ, ಸದಾ ಪರೀಕ್ಷೆಯ ಅಂಕಗಳಿಂದಲೇ ಅಳೆಸಿಕೊಳ್ಳುವ ವಯಸ್ಸಿನ ಓದುಗರನ್ನು ಅದು ಬಹಳ ಆಳವಾಗಿ ತಟ್ಟುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ.

ಅದು ಹಿಡಿಸಿದರೆ ಅವರದೇ ‘ಜುಗಾರಿ ಕ್ರಾಸ್’ ಇದೆ. ಅದರ ವೇಗವೇ ಓದಿಸಿಕೊಂಡು ಹೋಗುತ್ತದೆ. ‘ಚಿದಂಬರ ರಹಸ್ಯ’ಕ್ಕೆ ಒಂದೆರಡು ವರ್ಷ ಕಾಯುವುದು ಒಳ್ಳೆಯದು, ಏಕೆಂದರೆ ಊರೊಳಗಿನ ಜಾತಿ ಮತ್ತು ಅಧಿಕಾರದ ಸಂಘರ್ಷ ಸ್ವಲ್ಪ ಅರ್ಥವಾಗುವ ಹೊತ್ತಿಗೆ ಅದರ ಸ್ವಾರಸ್ಯ ಹೆಚ್ಚುತ್ತದೆ.

ಶಿವರಾಮ ಕಾರಂತರ ‘ಬೆಟ್ಟದ ಜೀವ’ ನಿಧಾನಗತಿಯದು. ಆದರೂ ಮನೆ ಬಿಟ್ಟುಹೋದ ಮಗನಿಗಾಗಿ ಹಂಬಲಿಸುವ ವೃದ್ಧ ದಂಪತಿಯ ಕತೆಯನ್ನು ಹದಿಹರೆಯದವರು ಆ ಮಗನ ಕಡೆ ನಿಂತು ಓದುವ ಸಾಧ್ಯತೆಯಿದೆ. ಹಾಗೆ ಓದಿದರೆ ದಯವಿಟ್ಟು ತಿದ್ದಲು ಹೋಗಬೇಡಿ. ಅವರ ‘ಚೋಮನ ದುಡಿ’ಯನ್ನು ಮಾತ್ರ ನೀವೂ ಜೊತೆಯಲ್ಲಿ ಓದಿ. ಅದರ ದುಃಖ ದೊಡ್ಡದು, ಅಸ್ಪೃಶ್ಯತೆಯ ಬಗ್ಗೆ ಅವನು ಕೇಳುವ ಪ್ರಶ್ನೆಗಳಿಗೆ ಉತ್ತರಿಸಲು ಮನೆಯಲ್ಲಿ ಯಾರಾದರೂ ಸಿದ್ಧರಿರಬೇಕು.