ಮೊದಲ ರೈಫಲ್ ಯಾವುದು? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟ. ಮಗ ಅಮೆರಿಕದ ಟೆಕ್ಸಾಸ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ರಜೆಯಲ್ಲಿ ಗೆಳೆಯರ ಜೊತೆ ಶೂಟಿಂಗ್ ರೇಂಜಿಗೆ ಹೋಗುತ್ತಾನಂತೆ. ಕಡಿಮೆ ಬೆಲೆಯ ಪಾಯಿಂಟ್ ಟೂ ಟೂ (0.22 ಇಂಚಿನ ಸಣ್ಣ ಗುಂಡಿನ) ಸೆಮಿ-ಆಟೊಮ್ಯಾಟಿಕ್ ರೈಫಲ್ ಕೊಳ್ಳಬೇಕು ಅನ್ನುತ್ತಾನೆ. ಪ್ರತಿ ಸಲ ಟ್ರಿಗರ್ ಎಳೆದಾಗ ಒಂದು ಗುಂಡು ಹಾರಿ, ಮುಂದಿನದು ತಾನೇ ತುಂಬಿಕೊಳ್ಳುವಂಥದ್ದಂತೆ. ರೂಗರ್, ಮಾರ್ಲಿನ್, ಸ್ಯಾವೇಜ್ ಎಂದೆಲ್ಲ ಹೆಸರು ಹೇಳುತ್ತಾನೆ. ಯಾವುದು ಒಳ್ಳೆಯದು? ಅಂಥದ್ದೇ ಒಂದನ್ನು ನಾನು ಇಲ್ಲಿ ಇಟ್ಟುಕೊಳ್ಳಬಹುದೇ? ನನಗೆ ಬೇಟೆಯ ಆಸೆ ಇಲ್ಲ. ಗುರಿ ಹೊಡೆಯುವ ಖುಷಿಗೆ ಅಷ್ಟೇ.

ಉತ್ತರ: ರೈಫಲ್ ಹೆಸರಿಗಿಂತ ಮೊದಲು ಮಗ ಯಾವ ವೀಸಾದಲ್ಲಿದ್ದಾನೆ ಎಂದು ಕೇಳಿ. ಎಚ್-1ಬಿ ಥರದ ತಾತ್ಕಾಲಿಕ ವೀಸಾದವರು ಬಂದೂಕು, ಗುಂಡು ಇಟ್ಟುಕೊಳ್ಳುವುದನ್ನು ಅಲ್ಲಿನ ಕೇಂದ್ರ ಕಾನೂನು ತಡೆಯುತ್ತದೆ. ಕೆಲವು ವಿನಾಯಿತಿಗಳಿವೆ. ಅಲ್ಲಿನ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಇದ್ದರೆ ಆಗುತ್ತದೆ. ಕಾಡಿಗೆ ಕಾಲಿಡದಿದ್ದರೂ ಆ ಕಾಗದ ಬೇಕು. ರೇಂಜಿನಲ್ಲಿ ಬಾಡಿಗೆಗೆ ಸಿಗುವ ರೈಫಲ್ ಹಿಡಿಯುವುದಕ್ಕೂ ಇದೇ ನಿಯಮ. ಗ್ರೀನ್ ಕಾರ್ಡ್ ಇದ್ದರೆ ಈ ತೊಡಕಿಲ್ಲ. ನಮ್ಮ ಕಡೆಯ ಎಷ್ಟೋ ಹುಡುಗರಿಗೆ ಇದು ಗೊತ್ತೇ ಇರುವುದಿಲ್ಲ. ಇವತ್ತೇ ಫೋನ್ ಮಾಡಿ.

ಕಾಗದಪತ್ರ ಸರಿಯಿದ್ದರೆ ಅವನು ಹೇಳಿದ ಮೂರೂ ಹೆಸರುಗಳು ಚೆನ್ನಾಗಿಯೇ ಇವೆ. ರೂಗರ್ 10/22 ಬಂದದ್ದು 1964ರಲ್ಲಿ. ಅದರ ಹತ್ತು ಗುಂಡಿನ ಮ್ಯಾಗಜಿನ್ (ಗುಂಡು ತುಂಬುವ ಡಬ್ಬಿ) ಕೈಯಲ್ಲಿ ಕಳಚಿ ಬರುತ್ತದೆ. ಬಿಡಿಭಾಗ ಎಲ್ಲ ಕಡೆ ಸಿಗುತ್ತವೆ, ರಿಪೇರಿ ಬಲ್ಲವರೂ ಜಾಸ್ತಿ. ಮಾರ್ಲಿನ್ ಮಾಡೆಲ್ 60 ಅದಕ್ಕಿಂತ ಹಳೆಯದು, 1960ರದ್ದು. ಅದರಲ್ಲಿ ಗುಂಡುಗಳು ನಳಿಗೆಯ ಕೆಳಗಿನ ಕೊಳವೆಯೊಳಗೆ ಸಾಲಾಗಿ ಕೂರುತ್ತವೆ. ಗುರಿ ಒಳ್ಳೆಯದು. ಆದರೆ ಕೊಳವೆ ಪೂರ್ತಿ ಖಾಲಿಯಾಗಿದೆಯೇ ಎಂದು ನೋಡುವುದು ಹೊಸಬರಿಗೆ ಕಷ್ಟ. ಅದಕ್ಕೇ ಮೊದಲ ರೈಫಲ್ ಆಗಿ ನಾನು ಅದನ್ನು ಹೇಳುವುದಿಲ್ಲ. ಸ್ಯಾವೇಜ್ 64ಕ್ಕೆ ಕಳಚುವ ಮ್ಯಾಗಜಿನ್ ಇದೆ, ಬೆಲೆಯೂ ಸಾಮಾನ್ಯವಾಗಿ ರೂಗರ್‌ಗಿಂತ ಕಡಿಮೆ. ಕೈ ಬಿಗಿಯಿದ್ದರೆ ಅದು, ಸ್ವಲ್ಪ ಸಡಿಲವಿದ್ದರೆ ರೂಗರ್.

ಅಂಗಡಿಯವರು ಹೇಳದ ಒಂದು ವಿಷಯ ಇದೆ. ಈ ಸಣ್ಣ ಸೆಮಿ-ಆಟೊಮ್ಯಾಟಿಕ್‌ಗಳಲ್ಲಿ ಗುಂಡು ಹಾರಿದ ರಭಸಕ್ಕೇ ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟ್ ಹಿಂದೆ ಸರಿದು, ಖಾಲಿ ತೋಟೆಯನ್ನು ಹೊರಗೆ ಎಸೆದು, ಮುಂದಿನದನ್ನು ಒಳಗೆ ತಳ್ಳಬೇಕು. ತೋಟೆಯಲ್ಲಿ ಮದ್ದಿನ ಬಲ ಕಡಿಮೆಯಾದರೆ ಬೋಲ್ಟ್ ಅರ್ಧಕ್ಕೇ ನಿಲ್ಲುತ್ತದೆ. ಪಾಯಿಂಟ್ ಟೂ ಟೂ ಮದ್ದು ಮಸಿ ಬಿಡುವುದೂ ಜಾಸ್ತಿ. ಹಾಗಾಗಿ ಒಂದೇ ಬಗೆಯ ದೊಡ್ಡ ಪೆಟ್ಟಿಗೆ ತರುವ ಬದಲು ನಾಲ್ಕಾರು ಬಗೆಯ ಚಿಕ್ಕ ಪೆಟ್ಟಿಗೆ ತಂದು, ತನ್ನ ರೈಫಲ್ ಯಾವುದನ್ನು ಸಲೀಸಾಗಿ ನುಂಗುತ್ತದೆ ಎಂದು ನೋಡಲಿ.

ನನ್ನನ್ನು ಕೇಳಿದರೆ ಅವನು ಮೊದಲು ಬೋಲ್ಟ್ ಎಳೆಯುವ ರೈಫಲ್ ಕೊಳ್ಳಬೇಕು. ಸ್ಯಾವೇಜ್ ಮಾರ್ಕ್ ಟೂ ಅಂಥದ್ದು. ಎನ್‌ಸಿಸಿಯಲ್ಲಿ ನಾನು ಕಲಿತದ್ದು ಬೋಲ್ಟ್ ರೈಫಲ್‌ನಲ್ಲೇ. ಒಂದು ಈಡು ಹೊಡೆದ ಮೇಲೆ ಬೋಲ್ಟ್ ಎಳೆಯಲೇಬೇಕು. ಆ ಹೊತ್ತಿನಲ್ಲಿ ಉಸಿರು ಹದಕ್ಕೆ ಬರುತ್ತದೆ, ಹಿಂದಿನ ಈಡು ಯಾಕೆ ಬಲಕ್ಕೆ ಹೋಯಿತು ಎಂದು ಯೋಚಿಸಲು ಪುರುಸೊತ್ತು ಸಿಗುತ್ತದೆ. ಬೋರಲು ಮಲಗಿ ಹೊಡೆದ ಗುಂಡುಗಳು ಕಾಗದದ ಮೇಲೆ ಒತ್ತೊತ್ತಾಗಿ ಕೂತದ್ದನ್ನು ನೋಡಿದಾಗ ಆಗುವ ಸಂತೋಷ ಬೇಗ ಬೇಗ ಹೊಡೆಯುವುದರಲ್ಲಿ ಸಿಗುವುದಿಲ್ಲ.

ಇನ್ನು ನಿಮ್ಮ ವಿಷಯ. ನಮ್ಮಲ್ಲಿ ಸೆಮಿ-ಆಟೊಮ್ಯಾಟಿಕ್ ರೈಫಲ್ ನಿರ್ಬಂಧಿತ ಪಟ್ಟಿಯಲ್ಲಿದೆ. ಜಿಲ್ಲಾಧಿಕಾರಿ ಕೊಡುವ ಸಾಮಾನ್ಯ ಲೈಸೆನ್ಸಿಗೆ ಅದು ಸಿಗದು. ಬೋಲ್ಟಿನ ಪಾಯಿಂಟ್ ಟೂ ಟೂಗೆ ಲೈಸೆನ್ಸ್ ಕೇಳಬಹುದು. 21 ವರ್ಷ ತುಂಬಿರಬೇಕು, ಪೊಲೀಸ್ ವರದಿ ಬರಬೇಕು. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಬಂದೂಕು, ಲೈಸೆನ್ಸ್ ಅವಧಿ 5 ವರ್ಷ. ತೋಟದ ಕೋವಿ ಇದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಚುನಾವಣೆ ಬಂದಾಗ ಠಾಣೆಯಲ್ಲಿ ಇಟ್ಟು ಬರುವ ಓಡಾಟ ನಿಮಗೆ ಹೊಸದಲ್ಲ, ಅಲ್ವಾ? ಮಗ ಊರಿಗೆ ಬರುವಾಗ ಬ್ಯಾಗಿನ ಮೂಲೆಯಲ್ಲಿ ಒಂದು ತೋಟೆ ಉಳಿದಿದ್ದರೂ ವಿಮಾನ ನಿಲ್ದಾಣದಲ್ಲೇ ಕೇಸು ಬೀಳಬಹುದು. ರೇಂಜಿಗೆ ಒಯ್ಯುವ ಬ್ಯಾಗನ್ನು ಪ್ರಯಾಣಕ್ಕೆ ಬಳಸಲೇಬಾರದು.

ಬರೀ ಗುರಿಯ ಖುಷಿಗಾದರೆ ಇಷ್ಟೆಲ್ಲ ಯಾಕೆ? ಗಾಳಿಯ ಒತ್ತಡದಿಂದ ಹೊಡೆಯುವ 4.5 ಮಿಲಿಮೀಟರ್ ಏರ್ ರೈಫಲ್ ಕೊಳ್ಳಿ. ಅದರ ಶಕ್ತಿ 20 ಜೌಲ್ ಮೀರದಿದ್ದರೆ 2016ರ ನಿಯಮದಂತೆ ಲೈಸೆನ್ಸ್ ಬೇಡ. ಗುರುತಿನ ಮತ್ತು ವಿಳಾಸದ ದಾಖಲೆ ಕೊಟ್ಟು, ಬಿಲ್ ಪಡೆದು ಜೋಪಾನವಾಗಿಡಿ. ಏರ್ ರೈಫಲ್‌ಗಳಲ್ಲೂ ಪಾಯಿಂಟ್ ಟೂ ಟೂ ಇದೆ, ಅದು 5.5 ಮಿಲಿಮೀಟರ್. ಅದಕ್ಕೆ ಲೈಸೆನ್ಸ್ ಬೇಕೇ ಬೇಕು. ಪ್ರೆಸಿಹೋಲ್‌ನಂಥ ನಮ್ಮ ದೇಶದ ಕಂಪನಿಗಳೇ ಸ್ಪ್ರಿಂಗ್ ರೈಫಲ್ (ಸ್ಪ್ರಿಂಗಿನ ಬಲದಿಂದ ಗಾಳಿ ಒತ್ತುವ ಏರ್ ರೈಫಲ್) ಮಾಡುತ್ತವೆ. ಪೆಲೆಟ್ (ಏರ್ ರೈಫಲ್‌ನ ಸಣ್ಣ ಗುಂಡು) ಹಾಕದೆ ಸುಮ್ನೆ ಟ್ರಿಗರ್ ಎಳೆಯಬೇಡಿ, ಒಳಗಿನ ಪಿಸ್ಟನ್ ಸೀಲ್ ಹಾಳಾಗುತ್ತದೆ. ಗಟ್ಟಿಯಾಗಿ ಅವುಚಿ ಹಿಡಿಯಲೂಬೇಡಿ. ಎಡಗೈ ಬರೀ ಆಸರೆಯಾಗಿರಲಿ, ರೈಫಲ್ ತನ್ನಷ್ಟಕ್ಕೆ ಅಲುಗಲಿ. ಸ್ಪ್ರಿಂಗ್ ರೈಫಲ್ ಹಿಂದಕ್ಕೂ ಮುಂದಕ್ಕೂ ಜಗ್ಗುವುದರಿಂದ ಅಗ್ಗದ ಸ್ಕೋಪ್ (ಗುರಿ ನೋಡುವ ದುರ್ಬೀನು) ಬೇಗ ಕೆಡುತ್ತದೆ. ಅದರ ದುಡ್ಡಿಗೆ ಒಳ್ಳೆಯ ಪೆಲೆಟ್ ತನ್ನಿ.

ಅಡಿಕೆ ಒಣಗಿಸುವ ಅಂಗಳದಲ್ಲಿ 10 ಮೀಟರ್ ಸಲೀಸಾಗಿ ಸಿಗುತ್ತದೆ. ಮನೆ ಹಿಂದೆ ಧರೆ (ಕಡಿದಾದ ದಿಬ್ಬದ ಗೋಡೆ) ಇದ್ದರೆ ಅದಕ್ಕಿಂತ ಒಳ್ಳೆಯ ತಡೆ ಬೇರೆ ಇಲ್ಲ. ಬರೀ ಮಣ್ಣಿನ ಧರೆ ಆಗಿರಬೇಕು. ಕಲ್ಲು ಅಥವಾ ಜಂಬಿಟ್ಟಿಗೆ ಗೋಡೆಗೆ ತಾಗಿದ ಪೆಲೆಟ್ ತಿರುಗಿ ಬರುತ್ತದೆ, ಕಣ್ಣು ಹೋಗುತ್ತದೆ. ಧರೆ ಮುಂದೆ ಮರಳು ತುಂಬಿದ ಗೋಣಿಚೀಲ ಇಟ್ಟು, ಅದರ ಎದುರು ಗುರಿ ಕಾಗದ ಕಟ್ಟಿ. ಕಣ್ಣಿಗೆ ಕನ್ನಡಕ ಇರಲಿ. ಧರೆಯ ಮೇಲೆ ಕಾಲುದಾರಿ ಇದೆಯೇ, ಸೊಪ್ಪಿನ ಬೆಟ್ಟಕ್ಕೆ ದರಗು (ಒಣ ಎಲೆ) ಗುಡಿಸಲು ಯಾರಾದರೂ ಹೋಗಿದ್ದಾರೆಯೇ ಎಂದು ಪ್ರತಿ ಸಲ ನೋಡಿ. ಪಾಯಿಂಟ್ ಟೂ ಟೂ ಗುಂಡು ಒಂದು ಕಿಲೋಮೀಟರಿಗೂ ಆಚೆ ಹೋಗಬಲ್ಲದು. ಅಲ್ಲೊಂದು ಇಲ್ಲೊಂದು ಒಂಟಿ ಮನೆಯಿರುವ ನಮ್ಮ ಊರುಗಳಲ್ಲಿ ಅದನ್ನು ರೇಂಜಿನಲ್ಲಿ ಬಿಟ್ಟು ಬೇರೆಲ್ಲೂ ಹೊಡೆಯಬಾರದು.

ಮಂಗ, ಕೆಂದಳಿಲು, ನವಿಲು ಕಂಡಾಗ ಕೈ ತುರಿಸುವವರು ಮನೆಯಲ್ಲಿದ್ದರೆ ಏರ್ ರೈಫಲ್ ಕೂಡ ಬೇಡ. 1972ರ ವನ್ಯಜೀವಿ ಕಾನೂನಿಗೆ ಕೋವಿಯೂ ಒಂದೇ, ಏರ್ ರೈಫಲ್ಲೂ ಒಂದೇ. ಅದಕ್ಕಿಂತ ಹೆಚ್ಚಾಗಿ, ಪೆಲೆಟ್ ತಾಗಿದ ಪ್ರಾಣಿ ಅಲ್ಲೇ ಸಾಯುವುದಿಲ್ಲ. ಗಾಯ ಕೊಳೆತು ನರಳುತ್ತದೆ. ಮಂಡಗದ್ದೆಯಲ್ಲಿ ತುಂಗೆಯ ನಡುವಿನ ಮರಗಳ ಮೇಲೆ ಹಕ್ಕಿಗಳು ಗೂಡು ಕಟ್ಟುವುದನ್ನು ನೋಡುತ್ತ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ರಶ್ನೆ: ಆಗುಂಬೆ ಪಕ್ಕದ ಊರು ನಮ್ಮದು. ಮಳೆಗಾಲದಲ್ಲಿ ಏರ್ ರೈಫಲ್‌ಗೆ ತುಕ್ಕು ಹಿಡಿಯುತ್ತದೆ. ಕವರಿನಲ್ಲೇ ಇಟ್ಟಿದ್ದೇನೆ. ಏನು ಮಾಡಲಿ?

ಉತ್ತರ: ಕವರಿನಿಂದ ತೆಗೆಯಿರಿ. ಬಟ್ಟೆ, ಚರ್ಮದ ಕವರು ತೇವ ಹಿಡಿದಿಡುತ್ತದೆ. ಒಣಗಿದ ಮರದ ಕಪಾಟಿನಲ್ಲಿ, ಗೋಡೆಗೆ ತಾಗದಂತೆ ನಿಲ್ಲಿಸಿ ಬೀಗ ಹಾಕಿ. ಮುಟ್ಟಿದಾಗಲೆಲ್ಲ ಎಣ್ಣೆ ಬಟ್ಟೆಯಿಂದ ಒರೆಸಿ, ಬೆವರಿನ ಉಪ್ಪೇ ಮೊದಲ ತುಕ್ಕು. ಸ್ಪ್ರಿಂಗ್ ರೈಫಲ್‌ನ ನಳಿಗೆಯೊಳಗೆ ಎಣ್ಣೆ ಸುರಿಯಬೇಡಿ. ಸ್ಕೋಪ್ ಇದ್ದರೆ ಬಿಚ್ಚಿ, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ. ಇಲ್ಲದಿದ್ದರೆ ಗಾಜಿಗೆ ಬೂಸ್ಟು ಬರುತ್ತದೆ.

ಪ್ರಶ್ನೆ: ಕೊಡಗಿನವರಿಗೆ ಕೋವಿ ಲೈಸೆನ್ಸ್ ಬೇಡ. ಮಲೆನಾಡಿನ ನಮಗೆ ಯಾಕೆ ಬೇಕು?

ಉತ್ತರ: 1959ರ ಶಸ್ತ್ರಾಸ್ತ್ರ ಕಾಯ್ದೆಯ ಸೆಕ್ಷನ್ 41ರ ಕೆಳಗೆ ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ಹಳೆಯ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಕೊಟ್ಟ ವಿನಾಯಿತಿ ಅದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಶಿವಮೊಗ್ಗ ಜಿಲ್ಲೆಗೆ ಅದು ಅನ್ವಯಿಸುವುದಿಲ್ಲ.

ಪ್ರಶ್ನೆ: ಮಗಳು ಸಾಗರದಲ್ಲಿ ಒಂಬತ್ತನೇ ತರಗತಿ. ಒಲಿಂಪಿಕ್ಸ್ ನೋಡಿದಾಗಿನಿಂದ ಶೂಟಿಂಗ್ ಕಲಿಯುವ ಹಟ. ರೈಫಲ್ ಕೊಡಿಸಲೇ?

ಉತ್ತರ: ಹಟ ಒಳ್ಳೆಯದು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ಕೊಲ್ಹಾಪುರ ಜಿಲ್ಲೆಯ ಒಂದು ಹಳ್ಳಿಯ ಹುಡುಗ. ಆದರೆ ಈಗಲೇ ಕೊಡಿಸಬೇಡಿ. ಶಾಲೆಯಲ್ಲಿ ಎನ್‌ಸಿಸಿ ಇದ್ದರೆ ಸೇರಿಸಿ. ರಜೆಯಲ್ಲಿ ತರಬೇತುದಾರರಿರುವ 10 ಮೀಟರ್ ರೇಂಜಿನಲ್ಲಿ ಬಿಡಿ. 10 ಮೀಟರ್ ಏರ್ ರೈಫಲ್ ಗುರಿಯಲ್ಲಿ ಹತ್ತು ಅಂಕದ ಚುಕ್ಕಿ ಅರ್ಧ ಮಿಲಿಮೀಟರ್ ಅಷ್ಟೇ. ಅದಕ್ಕೆ ಮೊದಲು ಬೇಕಾದದ್ದು ಅಲುಗದೆ ನಿಲ್ಲುವ ಅಭ್ಯಾಸ, ಅದನ್ನು ಮನೆಯಲ್ಲೇ ಶುರು ಮಾಡಬಹುದು. ಸ್ಪರ್ಧೆಯ ರೈಫಲ್‌ಗಳ ಬೆಲೆ ಲಕ್ಷ ದಾಟುತ್ತದೆ. ಅವಳ ತೋಳಿನ ಉದ್ದ, ಭುಜದ ಎತ್ತರ ಇನ್ನೂ ಬದಲಾಗುತ್ತಿರುವಾಗ ಯಾವುದು ಹೊಂದುತ್ತದೆ ಎಂದು ತರಬೇತುದಾರರೇ ನೋಡಿ ಹೇಳಬೇಕು. ಪೆಲೆಟ್ ಸೀಸದ್ದು. ಹೊಡೆದಾದ ಮೇಲೆ ಸೋಪು ಹಾಕಿ ಕೈ ತೊಳೆಯದೆ ತಿಂಡಿ ಮುಟ್ಟಬಾರದು ಎಂದು ಮೊದಲ ದಿನವೇ ಹೇಳಿಕೊಡಿ.