ನೆರೆ ಬಂದಾಗ ಗಂಜಿ ಕೇಂದ್ರಕ್ಕೆ ಏನು ಕಳಿಸಬೇಕು? ಕಳಿಸಿದ್ದು ಜನಕ್ಕೆ ತಲುಪುತ್ತಾ?

ತಲುಪುತ್ತದೆ. ಆದರೆ ಬೇಕಾದದ್ದು ಬೇಕಾದ ಹೊತ್ತಿಗೆ ತಲುಪುವುದು ಕಡಿಮೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ಬೆಳಗಾವಿ ಜಿಲ್ಲೆಯ ರಾಮದುರ್ಗದ ಕಡೆ ಒಂದು ಶಾಲೆಯಲ್ಲಿ ತೆರೆದಿದ್ದ ಗಂಜಿ ಕೇಂದ್ರದಲ್ಲಿ ಮೂರು ವಾರ ಕೆಲಸ ಮಾಡಿದ್ದೆ. ಆ ವರ್ಷ ರಾಜ್ಯದ 22 ಜಿಲ್ಲೆಗಳಲ್ಲಿ ನೆರೆ. ನಾನು ಹೇಳುತ್ತಿರುವುದು ಆ ಒಂದು ಶಾಲೆಯಲ್ಲಿ ಕಂಡದ್ದು.

ಮೊದಲ ವಾರ ಲಾರಿ ಮೇಲೆ ಲಾರಿ. ಹಳೇ ಬಟ್ಟೆಯ ರಾಶಿ ಜಗಲಿಯಲ್ಲಿ ಕಿಟಕಿ ಮುಟ್ಟಿತು. ಜೀನ್ಸ್, ಸ್ವೆಟರ್, ಗುಂಡಿ ಕಿತ್ತ ಶರ್ಟು. ಸೀರೆಗಳಿದ್ದವು, ಲಂಗ ಇರಲಿಲ್ಲ. ಒಳಉಡುಪು ಒಂದೂ ಇಲ್ಲ. ಉಟ್ಟ ಬಟ್ಟೆಯಲ್ಲೇ ಬಂದಿದ್ದ ಒಬ್ಬ ಹೆಣ್ಣುಮಗಳು ನಾನು ಕೊಟ್ಟ ಸೀರೆ ಹಿಡಿದು ಸುಮ್ನೆ ನಿಂತಳು. ಕೇಳೋಕೆ ಆಕೆಗೆ ನಾಚಿಕೆ, ನನಗೆ ಹೊಳೆಯಲಿಲ್ಲ. ಅಂಗನವಾಡಿ ಅಕ್ಕ ಬಂದು ಪಕ್ಕಕ್ಕೆ ಕರೆದು ಮಾತಾಡಿದ ಮೇಲೇ ವಿಷಯ ಗೊತ್ತಾಗಿದ್ದು. ಆಮೇಲೆ ಲಂಗ, ಪ್ಯಾಡ್ ಹಂಚುವುದನ್ನು ಹೆಂಗಸರ ಕೈಗೇ ಬಿಟ್ಟೆವು.

ಊಟಕ್ಕೂ ಕೊರತೆ ಇರಲಿಲ್ಲ. ಬ್ರೆಡ್ಡು, ಬಿಸ್ಕತ್ತು, ಪಲಾವ್ ಪೊಟ್ಟಣ. ದಿನಾ ರೊಟ್ಟಿ ತಿನ್ನುವವರು ಎಷ್ಟು ದಿನ ಬ್ರೆಡ್ ತಿಂದಾರು? ನೆರೆ ಬರದ ಊರೊಂದರಿಂದ ಕಟಕ್ ರೊಟ್ಟಿ, ಶೇಂಗಾ ಚಟ್ನಿ ಗಂಟು ಕಟ್ಟಿ ಕಳಿಸಿದ್ದರು. ಅವತ್ತು ಮುದುಕರೆಲ್ಲ ಎದ್ದು ಕೂತು ಊಟ ಮಾಡಿದರು.

ಇನ್ನೊಂದು, ದನ. ಎಷ್ಟೋ ಮಂದಿ ಕೇಂದ್ರಕ್ಕೆ ಬರಲೇ ಇಲ್ಲ. 'ಎಮ್ಮಿ ಬಿಟ್ಟು ನಾ ಎಲ್ಲಿ ಬರ್ಲೋ ತಮ್ಮಾ' ಅಂತ ಒಬ್ಬ ಅಜ್ಜ ರಸ್ತೆ ಬದಿಯ ದಿಬ್ಬದಲ್ಲೇ ಎರಡು ರಾತ್ರಿ ಮಳೆಯಲ್ಲಿ ಕಳೆದ. ಒಂದು ಟ್ರ್ಯಾಕ್ಟರ್ ಮೇವು ಬಂದು ಶಾಲೆಯ ಹಿಂದೆ ಇಳಿಯಿತು ನೋಡಿ, ಅಜ್ಜನೂ ಬಂದ, ಎಮ್ಮೆಯೂ ಬಂತು.

ನಿಜವಾದ ಕಷ್ಟ ಶುರುವಾಗಿದ್ದು ಮೂರನೇ ವಾರ. ಲಾರಿ ನಿಂತವು, ಶಾಲೆ ಶುರುವಾಗಬೇಕಿತ್ತು, ಜನ ಬಿದ್ದ ಮಣ್ಣಿನ ಮನೆಗೆ ಹೊರಟರು. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ಘೋಷಿಸಿತ್ತು. ಆದರೆ ಅದಕ್ಕೆ ಪಂಚನಾಮೆ, ಅಂದರೆ ಅಧಿಕಾರಿಗಳು ಬಂದು ನೋಡಿ ಹಾನಿ ಬರೆದುಕೊಳ್ಳುವುದು, ಆಗಬೇಕು, ಕಾಗದ ಬೇಕು. ಆಧಾರ್, ಪಾಸ್‌ಬುಕ್ ಎಲ್ಲ ಹೊಳೆ ಪಾಲು. ನನಗೆ ಇವತ್ತಿಗೂ ಸಂಕಟ ಆಗುವುದು ಒಂದು ಮನೆಯ ಬಗ್ಗೆ. ಅಣ್ಣತಮ್ಮಂದಿರು ಮೂವರು, ಒಲೆ ಮೂರು, ಪಂಚಾಯ್ತಿ ಲೆಕ್ಕದಲ್ಲಿ ಮನೆ ನಂಬರು ಒಂದೇ. ಹಾಗಾಗಿ ಪರಿಹಾರದ ಅರ್ಜಿಯೂ ಒಂದೇ. ಯಾರ ಹೆಸರಲ್ಲಿ ಬರೆಯೋದು ಅಂತ ಮೂವರೂ ನನ್ನ ಮುಖ ನೋಡಿದರು.

ಆ ಹೊತ್ತಿಗೆ ಬೇಕಿದ್ದದ್ದು ತಾಡಪತ್ರಿ, ಹಗ್ಗ, ಪಾತ್ರೆ, ಸ್ಟವ್, ಮತ್ತೆ ಜೊತೆಗೆ ಕೂತು ಅರ್ಜಿ ಬರೆದುಕೊಡುವವರು. ಹತ್ತು ಲಾರಿ ಬಟ್ಟೆಗಿಂತ ಅಂಥವರು ಇಬ್ಬರು ಬಂದಿದ್ದರೆ ಜಾಸ್ತಿ ಉಪಯೋಗ ಆಗುತ್ತಿತ್ತು.

ಹಾಗಾಗಿ ಲಾರಿ ಹೊರಡಿಸುವ ಮೊದಲು ಅಲ್ಲಿನ ಮೇಷ್ಟ್ರಿಗೋ ಆಶಾ ಕಾರ್ಯಕರ್ತೆಗೋ ಫೋನ್ ಮಾಡಿ ಏನು ಬೇಕು ಅಂತ ಕೇಳಿ. ಕೂಡಿಟ್ಟ ದುಡ್ಡಲ್ಲಿ ಅರ್ಧ ಹಾಗೇ ಇಟ್ಟುಕೊಂಡು, 20 ದಿನ ಬಿಟ್ಟು ಮತ್ತೆ ಫೋನ್ ಮಾಡಿ.