ಕೂದಲು ಉದುರಿದರೆ ಮೊದಲು ಚರ್ಮ ಕೆರೆಸಿ ನೋಡಿ

ಪ್ರಶ್ನೆ: ಡಾಕ್ಟ್ರೇ, ನಮ್ಮದು ಮಂಡ್ಯ ಹತ್ತಿರದ ಹಳ್ಳಿ. 6 ತಿಂಗಳ ನಾಟಿ ನಾಯಿಮರಿಗೆ ಕಣ್ಣಿನ ಸುತ್ತ, ಮುಂಗಾಲ ಮೇಲೆ ಕೂದಲು ಹೋಗಿದೆ. ಕೆರೆದುಕೊಳ್ಳುವುದು ಕಡಿಮೆ. ಟ್ರ್ಯಾಕ್ಟರಿನ ಸುಟ್ಟ ಆಯಿಲ್ ಹಚ್ಚಿ ಅಂತ ಎಲ್ಲರೂ ಹೇಳುತ್ತಾರೆ. ಮಗಳು ಮರಿಯನ್ನು ಪಕ್ಕದಲ್ಲೇ ಮಲಗಿಸಿಕೊಳ್ಳುತ್ತಾಳೆ. ಅವಳಿಗೆ ಅಂಟುತ್ತಾ?

ಉತ್ತರ: ಆಯಿಲ್ ಬೇಡ, ದಯವಿಟ್ಟು ಬೇಡ. ಚರ್ಮ ಸುಡುತ್ತದೆ, ನಾಯಿ ನೆಕ್ಕಿ ನೆಕ್ಕಿ ಅದೆಲ್ಲ ಹೊಟ್ಟೆಗೂ ಹೋಗುತ್ತದೆ. ಹಚ್ಚುವವರು ಪ್ರೀತಿಯಿಂದಲೇ ಹಚ್ಚುತ್ತಾರೆ, ಅದಕ್ಕೇ ಇನ್ನೂ ಸಂಕಟವಾಗುತ್ತದೆ.

ಎಳೆ ವಯಸ್ಸು, ತುರಿಕೆ ಕಡಿಮೆ, ಮುಖ ಮತ್ತು ಮುಂಗಾಲು. ಇದನ್ನೆಲ್ಲ ನೋಡಿದರೆ ಡೆಮೊಡೆಕ್ಸ್ ಅನ್ನುವ ನುಸಿಯ ಮೇಲೆ ನನ್ನ ಅನುಮಾನ. ತೆಂಗಿನಕಾಯಿಗೆ ನುಸಿ ಬೀಳುತ್ತದಲ್ವಾ, ಹಾಗೇ ಇದೂ ಕಣ್ಣಿಗೆ ಕಾಣದ ಜೀವಿ, ಕೂದಲ ಬುಡದಲ್ಲಿ ಇರುತ್ತದೆ. ಹುಟ್ಟಿದ ಮೊದಲ ದಿನಗಳಲ್ಲಿ ತಾಯಿಯಿಂದ ಮರಿಗೆ ಬರುತ್ತದೆ. ಮನುಷ್ಯರಿಗೆ ಅಂಟುವುದಿಲ್ಲ. ಒಂದೆರಡು ಕಡೆ ಮಾತ್ರ ಇದ್ದರೆ ಎಷ್ಟೋ ಮರಿಗಳಲ್ಲಿ ತಾನಾಗೇ ವಾಸಿಯಾಗುತ್ತದೆ, ಮೈಯೆಲ್ಲ ಹರಡಿದರೆ ಮಾತ್ರೆ ಬೇಕು.

ಆದರೆ ಕಾಗದ ಓದಿ ಇದೇ ರೋಗ ಅಂತ ನಾನು ಹೇಳಲಾರೆ. ಕಿವಿಯ ಅಂಚು, ಮೊಣಕೈ ಹತ್ತಿರ ಕೂದಲು ಹೋಗಿ ನಾಯಿ ರಾತ್ರಿಯಿಡೀ ಕೆರೆದುಕೊಳ್ಳುತ್ತಿದ್ದರೆ ಅದು ಬೇರೆ ನುಸಿ, ಆ ಕಜ್ಜಿ ಮನೆಯವರಿಗೂ ಸ್ವಲ್ಪ ದಿನ ತುರಿಕೆ ಕೊಡುತ್ತದೆ. ಹುಳುಕಡ್ಡಿಯಾಗಿದ್ದರೆ ಅದೂ ಅಂಟುತ್ತದೆ. ಹಾಗಾಗಿ ಗೊತ್ತಾಗುವವರೆಗೆ ಮಗಳನ್ನು ಬೇರೆ ಮಲಗಿಸಿ, ಅವಳ ಮೈಮೇಲೆ ದುಂಡನೆಯ ಕೆಂಪು ಗುರುತು ಬಂದರೆ ಚರ್ಮದ ಡಾಕ್ಟರಿಗೆ ತೋರಿಸಿ. ಮರಿಯನ್ನು ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಚರ್ಮ ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡಲು ಕೇಳಿ. ನೀವೇ ಬಾಯಿಬಿಟ್ಟು ಕೇಳಿ, ಸಂಕೋಚ ಬೇಡ. ಪರೀಕ್ಷೆ ಮಾಡದೆ ತುರಿಕೆಗೆ ಅಂತ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರೆ ಡೆಮೊಡೆಕ್ಸ್ ಇನ್ನೂ ಜಾಸ್ತಿಯಾಗುತ್ತದೆ. ಔಷಧಿ ಶುರುವಾದ ಮೇಲೆ ಕೂದಲು ಬಂತು ಅಂತ ಸುಮ್ನೆ ನಿಲ್ಲಿಸಬೇಡಿ, ತಿಂಗಳ ಅಂತರದಲ್ಲಿ ಎರಡು ಸಲ ಕೆರೆದು ನೋಡಿದಾಗಲೂ ನುಸಿ ಸಿಗಬಾರದು.

ಪ್ರಶ್ನೆ: ಮೈಸೂರಿನ ಕುವೆಂಪುನಗರದಲ್ಲಿದ್ದೇವೆ. ನಮ್ಮ ಬೆಕ್ಕಿನ ಹೊಟ್ಟೆ, ಒಳತೊಡೆ ಪೂರ್ತಿ ಬೋಳಾಗಿದೆ, ಗಾಯ ಇಲ್ಲ. ಚಿಗಟವೂ ಕಂಡಿಲ್ಲ. ಹಾರ್ಮೋನ್ ತೊಂದರೆನಾ?

ಉತ್ತರ: ಬೆಕ್ಕುಗಳಲ್ಲಿ ಅದು ಅಪರೂಪ. ಬೋಳಾದ ಕಡೆ ಕೈಯಾಡಿಸಿ. ತುಂಡು ಕೂದಲು ಚುಚ್ಚಿದ ಹಾಗಾದರೆ ಬೆಕ್ಕೇ ನೆಕ್ಕಿ ಕತ್ತರಿಸಿದೆ ಅಂತ ಅರ್ಥ. ನೀವು ನೋಡದಿರುವಾಗ ನೆಕ್ಕುತ್ತದೆ, ಚಿಗಟವನ್ನೂ ನೆಕ್ಕಿ ನುಂಗಿಬಿಡುತ್ತದೆ, ಅದಕ್ಕೇ ಕಾಣುವುದಿಲ್ಲ. ಸಣ್ಣ ಹಲ್ಲಿನ ಬಾಚಣಿಗೆಯಲ್ಲಿ ಬಾಚಿ, ಉದುರಿದ ಕಪ್ಪು ಪುಡಿಯನ್ನು ಒದ್ದೆ ಬಿಳಿ ಹತ್ತಿಯ ಮೇಲೆ ಹಾಕಿ. ಕೆಂಪು ಬಣ್ಣ ಬಿಟ್ಟರೆ ಅದು ಚಿಗಟದ ಹಿಕ್ಕೆ. ಚಿಗಟದ ಅಲರ್ಜಿ ಇರುವ ಬೆಕ್ಕಿಗೆ ಕೆಲವೇ ಕಡಿತ ಸಾಕು. ಚಿಗಟ ಇಲ್ಲದಿದ್ದರೆ ಆಹಾರದ ಅಲರ್ಜಿ ನೋಡಬೇಕು. ಹೊಸ ಮನೆ, ಹೊಸ ಬೆಕ್ಕು ಅಂತ ಮನಸ್ಸು ಕೆಟ್ಟರೂ ಹೀಗೆ ನೆಕ್ಕುತ್ತವೆ, ಆದರೆ ಆ ತೀರ್ಮಾನಕ್ಕೆ ಕೊನೆಯಲ್ಲಿ ಬರಬೇಕು.

ಚಿಗಟಕ್ಕೆ ನಾಯಿಯ ಔಷಧಿ ಮಾತ್ರ ತರಬೇಡಿ. ಕೆಲವದರಲ್ಲಿ ಪರ್ಮೆಥ್ರಿನ್ ಇರುತ್ತದೆ, ನಾಯಿಗೆ ಸರಿ, ಬೆಕ್ಕಿನ ಜೀವ ತೆಗೆಯುತ್ತದೆ. ಯಾರಾದರೂ ಈಗಾಗಲೇ ಹಾಕಿದ್ದು, ಬೆಕ್ಕು ನಡುಗುತ್ತಿದ್ದರೆ ಸಂಜೆವರೆಗೂ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೊರಡಿ, ಔಷಧಿಯ ಡಬ್ಬಿಯನ್ನೂ ಜೊತೆಗೆ ತೆಗೆದುಕೊಂಡು ಹೋಗಿ.